ಸೋಮವಾರ ಹೊರಬಿದ್ದ ಕೆಂಪು ಗಾಡಿ

ಬೆಳಿಗ್ಗೆ ಏಳು ಹತ್ತಕ್ಕೆ ವಿಜಾಪುರದ ನಮ್ಮ ಓಣಿ ಬಿಟ್ಟೆವು. ಹೊರಟವರು ಇಬ್ಬರೇ, ನಾನು ಮತ್ತು ನಮ್ಮ ರಾಚಪ್ಪ ಕಾಕಾ. ಗಾಡಿಯಲ್ಲಿ ಇದ್ದದ್ದೇ ಎರಡು ಸೀಟು. ಬೆನ್ನ ಹಿಂದಿನ ಇಕ್ಕಟ್ಟಿನಲ್ಲಿ ಹೊಲಿಗೆ ಮಶೀನಿನ ಎರಡು ತಲೆಗಳನ್ನು ಹಳೇ ಕೌದಿಯಲ್ಲಿ ಸುತ್ತಿ ಕೂರಿಸಿದ್ದೆ. ಕಾಲ ಹತ್ತಿರ ನನ್ನ ರಿಪೇರಿ ಹತ್ಯಾರದ ಡಬ್ಬಿ, ಎಣ್ಣೆ ಕುಪ್ಪಿ, ಕಾಕಾನ ಹೆಂಡತಿ ಚಿಗವ್ವ ಕಟ್ಟಿಕೊಟ್ಟ ಬುತ್ತಿ. ದೀಪಾವಳಿ ಮುಗಿದು ಎರಡು ವಾರವಾಗಿತ್ತು, ಬೆಳಗಿನ ಗಾಳಿಗೆ ಕಿವಿ ಕೊರೆಯುತ್ತಿತ್ತು. ಅಂದು ಸೋಮವಾರ. ನಮ್ಮ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಈ ಗಾಡಿ ಸೋಮವಾರದ ಬಿಸಿಲು ಕಂಡದ್ದು ಅಂದೇ ಮೊದಲು.

ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ವಿಲಾಯತಿ ಮೋಟಾರು, ಕೆಂಪು ಬಣ್ಣ, ಎರಡು ಬಾಗಿಲು, ನೆತ್ತಿಯ ಮೇಲೆ ಮಡಚಿಡುವ ಕ್ಯಾನ್ವಾಸು. ಕೂತರೆ ನೆಲಕ್ಕೇ ಕೂತ ಹಾಗೆ. ಸೊಲ್ಲಾಪುರದ ಒಂದು ಗಿರಣಿಯ ಮ್ಯಾನೇಜರ ಊರು ಬಿಟ್ಟು ಹೋಗುವಾಗ ಮಾರಿದ್ದನ್ನು ಕಾಕಾ ಕೊಂಡು ತಂದಿದ್ದರು. ಕಾಕಾ ಜೋಳದ ವ್ಯಾಪಾರಿ, ಮೂವತ್ತು ವರ್ಷ ಅಡತಿ ಅಂಗಡಿಯಲ್ಲಿ ಚೀಲಗಳ ನಡುವೆ ಕೂತವರು. ತಮಗಾಗಿ ಅಂತ ಜೀವನದಲ್ಲಿ ಮಾಡಿದ ಹುಚ್ಚು ಇದೊಂದೇ. ಮೀಟರಿನಲ್ಲಿ ನೂರಿಪ್ಪತ್ತು ಮೈಲಿಯವರೆಗೆ ಅಂಕಿ ಬರೆದಿತ್ತು. ಮೂವತ್ತರ ಆಚೆಗಿನ ಅಂಕಿಗಳು ಬರೀ ಶೋಭೆಗೆ ಇದ್ದವು.

ಯಾಕೆಂದರೆ ಗಾಡಿ ಹೊರಬೀಳುತ್ತಿದ್ದದ್ದು ರವಿವಾರ ಮಾತ್ರ. ಅಂದು ಬೆಳಿಗ್ಗೆ ಒರೆಸಿ, ಕುಂಕುಮ ಹಚ್ಚಿ, ಇಬ್ರಾಹಿಂ ರೋಜಾದವರೆಗೆ ಒಂದು ಸುತ್ತು ಹೋಗಿ ಬರುವುದು. ಮತ್ತೆ ಆರು ದಿನ ದೊಡ್ಡ ಕೌದಿ ಹೊದ್ದು ಮಲಗುವುದು. ದಿನಾ ಹೊರಗೆ ತೆಗೆದರೆ ಅದರ ಚಂದ ಹೋಗುತ್ತದೆ, ನಮ್ಮ ರಸ್ತೆಗೆ ಅದು ಹುಟ್ಟಿಲ್ಲ, ಒಂದು ಸಣ್ಣ ಸ್ಕ್ರೂ ಕಳೆದರೂ ಇಡೀ ಹಿಂದುಸ್ತಾನದಲ್ಲಿ ಸಿಗುವುದಿಲ್ಲ ಎನ್ನುವುದು ಕಾಕಾನ ವಾದ. ಮದುವೆಯ ಇಳಕಲ್ ಸೀರೆ ಉಟ್ಟು ಯಾರಾದರೂ ಸೆಗಣಿ ಬಳಿಯುತ್ತಾರೇನು ಅಂತ ನನ್ನನ್ನೇ ಕೇಳುತ್ತಿದ್ದರು. ಆ ಮಾತಿಗೆ ಚಿಗವ್ವ ಪ್ರತಿ ಸಲ ತಲೆ ಆಡಿಸುತ್ತಿದ್ದಳು.

ನನ್ನ ಕಸುಬು ನನಗೆ ಬೇರೆ ಪಾಠ ಕಲಿಸಿತ್ತು. ಗಂಡನ ಮನೆ ಬಿಟ್ಟು ಬಂದು ಆಗ ಆರು ವರ್ಷವಾಗಿತ್ತು. ಅದರ ಕಥೆ ಇಲ್ಲಿ ಬೇಡ. ತಿಕೋಟಾ ಮತ್ತು ಬಬಲೇಶ್ವರದ ಮಹಿಳಾ ಮಂಡಳಗಳಲ್ಲಿ ಹೊಲಿಗೆ ಕಲಿಸುತ್ತಿದ್ದೆ, ಹಳ್ಳಿಯ ಮಶೀನುಗಳನ್ನು ರಿಪೇರಿ ಮಾಡುತ್ತಿದ್ದೆ. ರಿಪೇರಿಗೆ ಬರುವ ಮಶೀನುಗಳಲ್ಲಿ ಹೆಚ್ಚಿನವು ದುಡಿದು ಸವೆದವಲ್ಲ. ಮದುವೆಯಲ್ಲಿ ಕೊಟ್ಟದ್ದು ಅಂತ ಕಸೂತಿ ಹೊದಿಕೆ ಮುಚ್ಚಿ ಮೂಲೆಯಲ್ಲಿ ಇಟ್ಟವು. ಒಳಗಿನ ಎಣ್ಣೆ ಗೋಂದಾಗಿ, ಸೂಜಿ ತನ್ನ ಜಾಗದಲ್ಲೇ ತುಕ್ಕು ಹಿಡಿದು ನಿಂತಿರುತ್ತದೆ. ದಿನಾ ತುಳಿಸಿಕೊಳ್ಳುವ ಮಶೀನು ಎರಡು ಹನಿ ಎಣ್ಣೆಯಲ್ಲಿ ಇಪ್ಪತ್ತು ವರ್ಷ ಬಾಳುತ್ತದೆ. ಇದನ್ನು ಕಾಕಾಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಕಾಕಾಗೆ ಕಣ್ಣು ಮಂಜಾಗಲು ಶುರುವಾದಾಗ ಗಾಡಿ ಬಿಡುವುದನ್ನು ಅವರೇ ನನಗೆ ಕಲಿಸಿದ್ದರು. ಲೈಸೆನ್ಸೂ ಮಾಡಿಸಿದ್ದರು. ಆ ವರ್ಷ ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಎದುರಿನ ಮನುಷ್ಯ ಇದ್ದಾನೆ ಎನ್ನುವಷ್ಟು ಕಾಣುತ್ತಿತ್ತು. ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದದ್ದೂ ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಆಗ ಕಾಕಾ ಗಾಡಿ ಮಾರುವ ಮನಸ್ಸು ಮಾಡಿದರು. ಕೊಲ್ಹಾಪುರದ ಕಡೆಯ ಒಬ್ಬ ಶ್ರೀಮಂತ ಸಿಕ್ಕ. ಅವನ ಬಂಗಲೆಯ ದೊಡ್ಡ ಹಾಲಿನಲ್ಲಿ ಇಂಥ ಮೂರು ಗಾಡಿ ಈಗಾಗಲೇ ನಿಂತಿದ್ದವಂತೆ, ದಸರಾಕ್ಕೊಮ್ಮೆ ಅವುಗಳ ಧೂಳು ಹೊಡೆಯುತ್ತಾರಂತೆ. ಮಂಗಳವಾರ ಬಂದು ಒಯ್ಯುತ್ತೇನೆ ಎಂದು ಆತ ಕಾಗದ ಬರೆದ.

ನಾನು ಊಟ ಬಿಟ್ಟು ಕೂತೆ. ತಿಕೋಟಾದಿಂದ ಬಬಲೇಶ್ವರಕ್ಕೆ ನೆಟ್ಟಗೆ ಬಸ್ಸಿರಲಿಲ್ಲ. ಒಂದು ಊರು ಮುಗಿಸಿ ವಿಜಾಪುರಕ್ಕೆ ತಿರುಗಿ ಬಂದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ತಿಕೋಟಾಕ್ಕೆ ಬಸ್ ಚಾರ್ಜು ರೂಪಾಯಿ ಹತ್ತು ಪೈಸೆ, ಮಶೀನಿನ ತಲೆಗೆ ಲಗೇಜು ಬೇರೆ. ಹಿಂದಿನ ತಿಂಗಳು ಬಸ್ಸಿನ ಮಾಳಿಗೆಯಿಂದ ಒಂದು ಮಶೀನು ಉರುಳಿ ಎರಡು ಹೋಳಾಗಿತ್ತು. ವಾರಕ್ಕೆ ಒಂದು ದಿನ ಬರುವ ನಿಮ್ಮಿಂದ ಏನು ಕಲಿತೇವು ಎಂದು ಬಬಲೇಶ್ವರದ ಹೆಣ್ಣುಮಕ್ಕಳು ಕ್ಲಾಸು ಮುಚ್ಚುವ ಮಾತಾಡುತ್ತಿದ್ದರು. ಕೊಡುವುದಾದರೆ ಗಾಡಿ ನನಗೆ ಕೊಡಿ, ದಿನಾ ಓಡಿಸುತ್ತೇನೆ ಎಂದೆ.

ಕಾಕಾ ಒಂದು ಇಡೀ ದಿನ ಗಾಡಿಯ ಸುತ್ತ ಸುಳಿದಾಡಿದರು. ಆಮೇಲೆ ಪಂಥ ಕಟ್ಟಿದರು. ಉಳಿದದ್ದು ಸೋಮವಾರ ಒಂದೇ. ಅಂದು ವಿಜಾಪುರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ಅಲ್ಲಿಂದ ಮನೆ. ಮಶೀನು ಹೊತ್ತು, ಎರಡೂ ಕ್ಲಾಸು ಮುಗಿಸಿ, ದೀಪ ಹಚ್ಚುವುದರೊಳಗೆ ಗಾಡಿ ತನ್ನ ಕಾಲಿನ ಮೇಲೆ ತಾನು ಬರಬೇಕು. ಲಾರಿಗೆ ಹಗ್ಗ ಕಟ್ಟಿದರೆ, ಇಲ್ಲಾ ಎತ್ತು ಹೂಡಿ ಎಳೆಸಿದರೆ ಕೊಲ್ಹಾಪುರದವನ ಪಾಲು. ಬಂದರೆ ಕೀಲಿ ನನ್ನದು. ನಾನು ಸುಳ್ಳು ಹೇಳಬಾರದೆಂದು ತಾವೇ ಪಕ್ಕದಲ್ಲಿ ಕೂತುಕೊಳ್ಳುವುದಾಗಿ ಹೇಳಿದರು.

ಹಾಗೆ ನಾವು ಹೊರಟದ್ದು.

ಪೇಟೆಯಲ್ಲಿ ಟಾಂಗಾದವರು ಕುದುರೆ ನಿಲ್ಲಿಸಿ ನೋಡಿದರು. ಒಬ್ಬ ಕಾಕಾಗೆ ಸಲಾಮು ಮಾಡಿ, ಇವತ್ತು ರವಿವಾರವೇನು ಎಂದು ಕೇಳಿಯೇ ಬಿಟ್ಟ. ಕಾಕಾ ಟೋಪಿ ಸರಿ ಮಾಡಿಕೊಂಡರು. ಪೆಟ್ರೋಲು ಆಗಲೇ ಲೀಟರಿಗೆ ಮೂರು ರೂಪಾಯಿ ದಾಟಿತ್ತು. ಎಂಟು ಲೀಟರು ಹಾಕಿಸಿದೆ. ನನ್ನ ದುಡ್ಡು, ನನ್ನ ಪಂಥ.

ಇಬ್ರಾಹಿಂ ರೋಜಾ ಹತ್ತಿರ ಬಂತು. ಪ್ರತಿ ರವಿವಾರ ಅಲ್ಲಿ ಒಂದು ಬೇವಿನ ಮರದ ಕೆಳಗೆ ಗಾಡಿ ಮನೆಯ ಕಡೆ ಹೊರಳುತ್ತಿತ್ತು. ಕಾಕಾಗೆ ಮರ ಕಾಣಲಿಲ್ಲ, ಆದರೂ ಅವರ ಕೈ ತಾನಾಗಿ ಮುಂದಿನ ಹಲಗೆ ಹಿಡಿಯಿತು.

“ಇಲ್ಲೇ ಹೊಳ್ಳತೈತಿ ಇದು,” ಎಂದರು.

“ಇವತ್ತ ಹೊಳ್ಳಾಂಗಿಲ್ಲರಿ ಕಾಕಾ,” ಎಂದು ನಾನು ಗೇರು ಬದಲಾಯಿಸಿದೆ.

ಮರ ಹಿಂದೆ ಬಿತ್ತು. ಕಾಕಾ ಕತ್ತು ತಿರುಗಿಸಿ ಬಹಳ ಹೊತ್ತು ಹಿಂದಕ್ಕೇ ನೋಡುತ್ತ ಕೂತರು. ಏನು ಕಂಡಿತೋ ಅವರಿಗೇ ಗೊತ್ತು.

ಇಟ್ಟಂಗಿಹಾಳದವರೆಗೆ ರಸ್ತೆ ಚಲೋ ಇತ್ತು. ಎರಡೂ ಕಡೆ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು, ನಡುನಡುವೆ ಕುಸುಬಿಯ ಸಾಲು. ಕಾಲುದಾರಿಯ ಹೆಂಗಸರು ತಲೆಯ ಮೇಲಿನ ಬುಟ್ಟಿ ಹಿಡಿದುಕೊಂಡು ನಿಂತು ನಕ್ಕರು. ಹೆಂಗಸು ಮೋಟಾರು ಬಿಡುವುದು, ಗಂಡಸು ಸುಮ್ಮನೆ ಪಕ್ಕದಲ್ಲಿ ಕೂರುವುದು, ಎರಡೂ ಅವರಿಗೆ ಹೊಸದು. ಊರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ನಾನು ನಲವತ್ತಕ್ಕೆ ಏರಿಸಿದೆ. ಕಾಕಾ ಮೀಟರು ನೋಡಲಾರರು, ಆದರೆ ಕಿವಿ ಚುರುಕು, ಸಾವಕಾಶ ಎಂದರು. ನಾನು ಕೇಳಿಸದವಳ ಹಾಗೆ ಮಾಡಿದೆ.

ನಲವತ್ತೈದು ಮುಟ್ಟುತ್ತಲೇ ಗಾಡಿ ಕೆಮ್ಮಿತು. ಎರಡು ಸಲ ಕುಕ್ಕರಿಸಿತು, ಮೂರನೆಯ ಸಲಕ್ಕೆ ಸುಮ್ಮನಾಗಿ ಉರುಳುತ್ತ ಹೋಗಿ ಒಂದು ಜಾಲಿಗಿಡದ ಪಕ್ಕ ನಿಂತಿತು. ಎಂಟು ಗಂಟೆಯೂ ಆಗಿರಲಿಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು, ಸಿಟ್ಟಿನ ನೀರು. ಕಾಕಾ ಮಾತ್ರ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ನಾನು ಹೇಳಿರಲಿಲ್ಲವೇನು ಎನ್ನುವ ಹಾಗೆ ಕೂತಿದ್ದರು.

ನಾನು ಸೆರಗು ಸಿಗಿಸಿ ಇಳಿದೆ. ಪೆಟ್ರೋಲು ಮತ್ತು ಗಾಳಿ ಕೂಡುವ ಕಾರ್ಬೊರೇಟರನ್ನು ಕಾಕಾ ರವಿವಾರ ಒರೆಸುವಾಗ ನೂರು ಸಲ ನೋಡಿದ್ದೆ. ಅದನ್ನು ಬಿಚ್ಚಿ ಕೌದಿಯ ತುದಿಯ ಮೇಲೆ ಹರಡಿದೆ. ಪೆಟ್ರೋಲು ಹಾಯುವ ಕೂದಲೆಳೆಯಂಥ ತೂತಿನಲ್ಲಿ ಹಸಿರು ಮಸಿ ಕೂತಿತ್ತು. ಗಾಳಿ ಬರುವ ಕೊಳವೆಯೊಳಗೆ ಬೆರಳು ಹಾಕಿದರೆ ಒಣಗಿದ ಎಲೆಯ ಪುಡಿ ಕೈತುಂಬ ಬಂತು. ನನಗೆ ತಲೆ ಬುಡ ತಿಳಿಯಲಿಲ್ಲ. ವಿಲಾಯತಿ ಗಾಡಿಯ ಗಂಟಲಲ್ಲಿ ಎಲೆ ಎಲ್ಲಿಂದ ಬಂತು ಎನ್ನುತ್ತ ಕಾಕಾನ ಅಂಗೈಗೆ ಸುರಿದೆ.

ಅವರು ಮೂಗಿಗೆ ಹಿಡಿದು ನೋಡಿದರು. ಆಮೇಲೆ ಮುಖ ಸಣ್ಣದಾಯಿತು.

“ಬೇವಿನ ತಪ್ಪಲ ಇದು,” ಎಂದರು. “ಹುಳ ಬೀಳಬಾರದು ಅಂತ ನಾನ ತುರುಕಿದ್ದೆ.”

ಜೋಳದ ಮನೆತನದ ಬುದ್ಧಿ. ನಮ್ಮಲ್ಲಿ ಜೋಳ ತುಂಬಿಡುವಾಗ ನಡುನಡುವೆ ಬೇವಿನ ತಪ್ಪಲು ಹಾಕುತ್ತಾರೆ, ನುಸಿ ಹತ್ತುವುದಿಲ್ಲ. ಒಂದು ಸಲ ಗಾಡಿಯ ಕೊಳವೆಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತಂತೆ. ಅಂದಿನಿಂದ ಕಾಕಾ ಪ್ರತಿ ರವಿವಾರ ಸಂಜೆ ಯಾರಿಗೂ ಹೇಳದೆ ಗಾಡಿಯ ತೂತು ತೂತಿಗೂ ಬೇವು ತುರುಕಿ, ಮುಂದಿನ ರವಿವಾರ ಬೆಳಿಗ್ಗೆ ತೆಗೆಯುತ್ತಿದ್ದರು. ಆ ಸೋಮವಾರವೂ ಹೊರಡುವ ಮುಂಚೆ ತೆಗೆದಿದ್ದರು, ಆದರೆ ಎಷ್ಟು ತೆಗೆದರೂ ಚೂರು ಉಳಿಯುತ್ತಿತ್ತು. ಮೂವತ್ತು ಮೈಲಿಯಲ್ಲಿ ತಣ್ಣಗೆ ಹೋಗುವಾಗ ಆ ಚೂರು ಬಿದ್ದಲ್ಲೇ ಬಿದ್ದಿದ್ದವು. ಜೋರಾಗಿ ಉಸಿರೆಳೆದ ಮೊದಲ ದಿನವೇ ಗಂಟಲಿಗೆ ಸಿಕ್ಕವು. ನನಗೆ ನಗು ತಡೆಯಲಾಗಲಿಲ್ಲ. ಕಾಕಾನೂ ಕೊನೆಗೆ ಮೀಸೆಯಲ್ಲೇ ನಕ್ಕರು, ಆದರೆ ಪಂಥ ಪಂಥವೇ ಎಂದು ನೆನಪು ಮಾಡಿದರು.

ಹತ್ಯಾರದ ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಮಶೀನಿನ ಸೂಜಿಯಿಂದ ಆ ತೂತು ಬಿಡಿಸಿದೆ. ಬಾಯಿಯಿಂದ ಊದಿ ಊದಿ ದವಡೆ ನೋಯಿತು, ನಾಲಿಗೆಗೆಲ್ಲ ಪೆಟ್ರೋಲು ಮತ್ತು ಬೇವಿನ ಕಹಿ. ಐವತ್ತು ನಿಮಿಷ ಹೋಯಿತು. ಕೀಲಿ ತಿರುವಿದರೆ ಎರಡನೇ ಸಲಕ್ಕೆ ಹಿಡಿಯಿತು. ಆಮೇಲೆ ನಲವತ್ತೈದಕ್ಕೆ ಹೋದರೂ ಒಂದು ಚಕಾರ ಎತ್ತಲಿಲ್ಲ.

ತಿಕೋಟಾ ಮುಟ್ಟಿದಾಗ ಒಂಬತ್ತು ಗಂಟೆ. ವಿಜಾಪುರದಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಮಂಡಳದ ಕೋಣೆಯ ಮುಂದೆ ಹದಿನಾಲ್ಕು ಹೆಣ್ಣುಮಕ್ಕಳು ಕತ್ತರಿ ಹಿಡಿದುಕೊಂಡು ಕಾಯುತ್ತಿದ್ದರು. ಕಳ್ಳಕವಟಗಿಯಿಂದ ನಡೆದು ಬರುವ ಶಾಂತವ್ವ ಎನ್ನುವವಳು ಅಂದು ತನ್ನ ಮಶೀನನ್ನು ಯಾರದೋ ಚಕ್ಕಡಿಯಲ್ಲಿ ಹಿಂದಿನ ದಿನವೇ ತಂದು ಇಟ್ಟಿದ್ದಳು. ಅದರ ಹಲ್ಲು ಸವೆದು ಬಟ್ಟೆ ಮುಂದೆ ಸರಿಯುತ್ತಿರಲಿಲ್ಲ. ಬದಲಿ ಭಾಗ ನನ್ನ ಹತ್ತಿರ ಇರಲಿಲ್ಲ. ಮನೆಯಲ್ಲಿದೆ, ನಾಳೆ ನಿನ್ನ ಊರಿಗೇ ತಂದು ಹಾಕುತ್ತೇನೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ನಾಳೆ ಗಾಡಿ ಯಾರದೆಂದು ನನಗೇ ಗೊತ್ತಿರಲಿಲ್ಲ. ಆದರೆ ಮಾತು ಬಾಯಿಂದ ಬಂದ ಮೇಲೆ ಇನ್ನಷ್ಟು ಹಟ ಹತ್ತಿತು.

ನಾನು ಪೋಲಕದ ತೋಳು ಕತ್ತರಿಸುವುದನ್ನು ತೋರಿಸುವಾಗ ಕಾಕಾ ಹೊರಗೆ ಚಹದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಗಾಡಿಯ ಸುತ್ತ ಊರೇ ನೆರೆದಿತ್ತು. ಹುಸೇನಸಾಬ ಎನ್ನುವ ಮುದುಕ ದರ್ಜಿ ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, ಒಳಗೆ ಒಳ್ಳೇ ಮಾಲು ಇದೆ ಎಂದು ತೀರ್ಪು ಕೊಟ್ಟನಂತೆ. ದಿನಾ ಓಡಿಸಬೇಕೋ ಬೇಡವೋ ಎಂದು ಅಲ್ಲೇ ಎರಡು ಪಕ್ಷವಾಯಿತು. ಗಾಡಿ ನೋಡಿಕೊಂಡಷ್ಟೂ ದಿನ ಬಾಳುತ್ತದೆ ಎಂದು ಚಹದಂಗಡಿಯವನು ಕಾಕಾನ ಕಡೆ. ಹುಸೇನಸಾಬ ನನ್ನ ಕಡೆ. ಕಾಕಾ ಇದನ್ನೆಲ್ಲ ಆಮೇಲೆ ಗಾಡಿಯಲ್ಲಿ ಹೇಳಿದರು, ತಮಗೆ ಏನನಿಸಿತು ಎಂಬುದನ್ನು ಬಿಟ್ಟು.

ಹನ್ನೊಂದೂವರೆಗೆ ಬಬಲೇಶ್ವರದ ದಾರಿ ಹಿಡಿದೆವು. ಅದನ್ನು ರಸ್ತೆ ಎನ್ನುವುದು ಉದಾರತನ. ಚಕ್ಕಡಿಗಳು ಮಳೆಗಾಲದಲ್ಲಿ ಕೊರೆದ ಎರಡು ಕಾಲುವೆ, ನಡುವೆ ಹುಲ್ಲಿನ ದಿಬ್ಬ. ನಮ್ಮ ಗಾಡಿಯ ಹೊಟ್ಟೆ ನೆಲದಿಂದ ಗೇಣು ಮೇಲೆ. ಒಂದು ಗಾಲಿ ದಿಬ್ಬದ ಮೇಲೆ, ಒಂದು ಅಂಚಿನ ಮೇಲೆ ಇಟ್ಟು ನಡೆಸಿದೆ. ಒಂದು ಕಡೆ ಹೊಗೆ ಕೊಳವೆ ಕಲ್ಲಿಗೆ ಬಡಿದು ಖಣ್ ಎಂದಿತು. ಕಾಕಾ ತಮಗೇ ಪೆಟ್ಟು ಬಿದ್ದ ಹಾಗೆ ಹಲ್ಲು ಕಚ್ಚಿದರು. ಇನ್ನೊಂದು ಕಡೆ ಜಾಲಿಯ ಮುಳ್ಳು ಅವರ ಕಡೆಯ ಬಾಗಿಲನ್ನು ಉದ್ದಕ್ಕೂ ಗೀರಿತು. ನಿಲ್ಲಿಸು ಎಂದರು. ಇಳಿದು, ಕಾಣದ ಗೀರನ್ನು ಬೆರಳಿನಿಂದ ಹುಡುಕಿ, ಈ ತುದಿಯಿಂದ ಆ ತುದಿಗೆ ಸವರಿದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದಿನಾ ಓಡಿಸಿದರೆ ಇಂಥದು ದಿನಾ ಆಗುತ್ತದೆ. ಕ್ಷಮಿಸಿರಿ ಎಂದೆ, ಆದರೆ ತಿರುಗಿ ಹೋಗೋಣ ಎಂದು ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ.

ಅರ್ಧ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬಂತು. ನೀರು ಪಾದ ಮುಳುಗುವಷ್ಟು. ಆದರೆ ಆಚೆ ದಂಡೆ ಪೂರಾ ಎರೆಮಣ್ಣು, ಮೇಲೆ ಒಣಗಿ ಒಳಗೆ ಹಸಿ. ಮುಂದಿನ ಗಾಲಿ ಹತ್ತಿದವು, ಹಿಂದಿನವು ಹೂತವು. ನಾನು ವೇಗ ಕೊಟ್ಟಷ್ಟೂ ಗಾಡಿ ತನ್ನ ಗೋರಿ ತಾನೇ ತೋಡಿಕೊಂಡಿತು. ಇಳಿದು ಚಪ್ಪಲಿ ಕಳಚಿ, ತಗಡಿನ ಡಬ್ಬಿಯ ಮುಚ್ಚಳದಿಂದ ಗಾಲಿಯ ಮುಂದಿನ ಮಣ್ಣು ತೋಡತೊಡಗಿದೆ. ಅರ್ಧ ತಾಸು ತೋಡಿದೆ. ಎರೆಮಣ್ಣು ಬಿಡುವುದಿಲ್ಲ, ಕೈಗೆ ಹತ್ತಿದ್ದೇ ಎರಡು ಸೇರು. ಬಬಲೇಶ್ವರದ ಕ್ಲಾಸಿಗೆ ಒಂದು ಗಂಟೆಗೆ ಹೇಳಿದ್ದೆ. ಬಿಸಿಲು ನೆತ್ತಿಗೆ ಬಂದಿತ್ತು.

ಹೊಲದಿಂದ ಒಬ್ಬ ರೈತ ತನ್ನ ಹೆಂಡತಿಯ ಜೊತೆ ಬಂದು ನಿಂತ. ಹೆಸರು ಸಿದ್ರಾಯಪ್ಪ, ವಯಸ್ಸು ಕಾಕಾನಷ್ಟೇ. ಬದುವಿನ ಮೇಲೆ ಅವನ ಎರಡು ಬಿಳಿ ಎತ್ತು ಮೇಯುತ್ತಿದ್ದವು. ಆನೆಯಂಥ ಎತ್ತು. ಅವನ್ನು ನೋಡುತ್ತಲೇ ನನಗೆ ಪಂಥದ ಮಾತು ನೆನಪಾಯಿತು. ಕಾಕಾಗೆ ಅವುಗಳ ಕೊರಳ ಗಂಟೆ ಕೇಳಿಸಿತ್ತು. ಸಾಕು ಬಿಡು ಮಗಳೇ, ಕೈಯೆಲ್ಲ ಸೀಳಿಕೊಂಡೀಯ ಎಂದು ನನಗೆ ಹೇಳಿ, ಎತ್ತು ಹೂಡಿ ಒಮ್ಮೆ ಎಳೆದು ಕೊಡು ಎಂದು ಅವನನ್ನು ಕೇಳಿಯೇ ಬಿಟ್ಟರು. ಗೆದ್ದವರ ದನಿ ಅದಾಗಿರಲಿಲ್ಲ. ನಾನು ಬೇಡ ಎಂದು ಕೂಗಿದೆ. ಇನ್ನೂ ಹೊತ್ತಿದೆ, ನಾನು ತೋಡುತ್ತೇನೆ ಎಂದೆ.

ಸಿದ್ರಾಯಪ್ಪ ನಮ್ಮಿಬ್ಬರನ್ನೂ ನೋಡಿ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ.

“ಇವತ್ತ ಸೋಮಾರ ಐತ್ರಿ ಯಪ್ಪಾ,” ಎಂದ. “ಬಸವಣ್ಣನ ಹೆಗಲ ಮ್ಯಾಲ ಇವತ್ತ ನೊಗ ಇಡಂಗಿಲ್ರಿ.”

ಕಾಕಾ ನಾಲಿಗೆ ಕಚ್ಚಿಕೊಂಡರು. ನಮ್ಮ ಸೀಮೆಯಲ್ಲಿ ಸೋಮವಾರ ಯಾರೂ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ, ಎತ್ತಿನ ಬಿಡುವು. ಕಾಕಾನೂ ರೈತನ ಮಗನೇ. ಪೇಟೆಯಲ್ಲಿ ಕೂತು ಕೂತು, ರವಿವಾರವನ್ನೇ ದೊಡ್ಡದು ಮಾಡಿಕೊಂಡು ಅದನ್ನು ಮರೆತುಬಿಟ್ಟಿದ್ದರು. ತಪ್ಪಾಯಿತಪ್ಪ ಎಂದು ಎತ್ತುಗಳಿದ್ದ ಕಡೆಗೆ ಕೈ ಮುಗಿದರು.

ಸಿದ್ರಾಯಪ್ಪ ಗಾಡಿಯನ್ನು ಒಂದು ಸುತ್ತು ಹಾಕಿದ. ಇಂಥ ಚಂದದ್ದು ಈ ಹಾದಿಗೆ ಹೇಗೆ ಬಂತು ಎಂದು ಕೇಳಿದ. ನಾನು ಸಿಟ್ಟಿನಲ್ಲಿದ್ದೆ, ಪಂಥದಿಂದ ಹಿಡಿದು ಬೇವಿನವರೆಗೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆರು ದಿನ ಕೌದಿ ಹೊದಿಸಿ ಮಲಗಿಸುತ್ತಾರೆ ಎಂದಾಗ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ನಗಲಿಲ್ಲ. ಕಾಕಾನ ಹತ್ತಿರ ಹೋಗಿ, ಮನೆಯ ಹಿರಿಯನಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ.

“ನಮ್ಮ ಎತ್ತು ಆರು ದಿನಾ ದುಡಿತಾವ್ರಿ, ಒಂದು ದಿನಾ ಮಲಗತಾವ. ನಿಮ್ಮದು ತಿರುಗಾಮುರುಗಾ ಆಗೇತಲ್ರಿ. ಅದಕ್ಕರೆ ಕಾಲ ಹ್ಯಾಂಗ ಬರಬೇಕು?”

ಕಾಕಾ ಬಲಗಣ್ಣು ಕಿರಿದು ಮಾಡಿ ಗಾಡಿಯ ಕೆಂಪಿನ ಕಡೆ ನೋಡುತ್ತ ನಿಂತರು. ಆಮೇಲೆ ಬಾಗಿ, ಹಿಂದಿನ ದಿನ ಮಡಿ ಮಾಡಿಸಿದ್ದ ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದರು. ಟೋಪಿ ತೆಗೆದು ಸೀಟಿನ ಮೇಲೆ ಇಟ್ಟರು.

“ಕಮಲಾ, ನೀ ಒಳಗ ಕೂಡು,” ಎಂದರು. “ಎತ್ತು ಬ್ಯಾಡ ಅಂದಿದ್ದೆ. ನಾ ದೂಕಬಾರದು ಅಂತ ಎಲ್ಲಿ ಅಂದೀನಿ?”

ಸಿದ್ರಾಯಪ್ಪನ ಹೆಂಡತಿ ಬದುವಿನಿಂದ ಜೋಳದ ಒಣ ದಂಟಿನ, ಹಳೇ ಕಣಕಿಯ ಎರಡು ಹೊರೆ ತಂದು ಗಾಲಿಯ ಕೆಳಗೆ ಹರಡಿದಳು. ಮೂವರೂ ಹಿಂದೆ ನಿಂತರು. ನಾನು ಕೀಲಿ ತಿರುವಿದೆ. ಮೊದಲ ಸಲ ಕಣಕಿ ಹಾರಿತು, ಗಾಡಿ ಅಲ್ಲೇ. ಎರಡನೇ ಸಲ ಗೇಣು ಸರಿಯಿತು. ಮೂರನೇ ಸಲ ಕನ್ನಡಿಯಲ್ಲಿ ನೋಡಿದೆ: ಅರವತ್ತೆರಡರ ಕಾಕಾ ಕುತ್ತಿಗೆಯ ನರ ಉಬ್ಬಿಸಿ, ಎದೆ ಕೊಟ್ಟು ದೂಕುತ್ತಿದ್ದರು. ಗಾಡಿ ಒಮ್ಮೆಲೇ ಕಿತ್ತುಕೊಂಡು ದಂಡೆ ಹತ್ತಿತು. ಕಾಕಾ ಮೊಣಕಾಲೂರಿ ಎರೆಯಲ್ಲಿ ಬಿದ್ದರು. ನಾನು ಓಡಿ ಬರುವಷ್ಟರಲ್ಲಿ ತಾವೇ ಎದ್ದು, ಮುಖದ ಮಣ್ಣು ಒರೆಸಿಕೊಳ್ಳುತ್ತಿದ್ದರು. ಮೀಸೆಯ ತುಂಬ ಕೆಸರು. ಮೇಲೆ ಹತ್ತಿತೇನು ಎಂದು ಕೇಳಿದರು. ಹತ್ತಿತು ಎಂದೆ, ಮತ್ತು ಅಳು ಬಂತು. ಸಿದ್ರಾಯಪ್ಪನ ಮನೆಯವಳು ನಮ್ಮಿಬ್ಬರಿಗೂ ಕೈಕಾಲು ತೊಳೆಯಲು ನೀರು ಕೊಟ್ಟಳು. ಚಿಗವ್ವನ ಬುತ್ತಿ ಅಲ್ಲೇ ಬಿಚ್ಚಿ ನಾಲ್ವರೂ ಹಂಚಿಕೊಂಡೆವು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣಗಾಯಿ. ಅವರ ಕಡೆಯಿಂದ ಒಂದು ತಂಬಿಗೆ ಮಜ್ಜಿಗೆ.

ಬಬಲೇಶ್ವರಕ್ಕೆ ಹೋದಾಗ ಎರಡು ಗಂಟೆ. ಹತ್ತು ಜನ ಇನ್ನೂ ಕಾಯುತ್ತಿದ್ದರು. ನಮ್ಮ ಅವತಾರ ನೋಡಿ ಬಿದ್ದು ಬಿದ್ದು ನಕ್ಕರು, ಆದರೆ ಯಾರೂ ಕ್ಲಾಸು ಮುಚ್ಚುವ ಮಾತೆತ್ತಲಿಲ್ಲ. ತಂದ ಎರಡೂ ಮಶೀನನ್ನು ಸ್ಟ್ಯಾಂಡಿಗೆ ಕೂರಿಸಿ ಕೊಟ್ಟೆ. ವಾರಕ್ಕೆ ಎಷ್ಟು ದಿನ ಬರುತ್ತೀರಿ ಎಂದು ಅವರು ಕೇಳಿದರು. ಸಂಜೆಗೆ ಗೊತ್ತಾಗುತ್ತದೆ ಎಂದೆ.

ಐದು ಗಂಟೆಗೆ ಹೊರಟೆವು. ವಿಜಾಪುರಕ್ಕೆ ಅಲ್ಲಿಂದ ಇಪ್ಪತ್ತನಾಲ್ಕು ಕಿಲೋಮೀಟರ್, ಡಾಂಬರು. ಡೋಣಿ ಹೊಳೆಯ ಸಾಲಿನ ಬಯಲು, ಗಿಡ ಕಡಿಮೆ, ಆಕಾಶವೇ ಹೆಚ್ಚು. ಬಸ್ಸೊಂದು ಎದುರಾಗಿ ಹೋದ ಮೇಲೆ ರಸ್ತೆ ಕಪ್ಪಗೆ, ನೆಟ್ಟಗೆ, ಖಾಲಿಯಾಗಿ ಬಿದ್ದಿತ್ತು. ನಾನು ಕಾಕಾನ ಮರ್ಯಾದೆಗೆ ಮೂವತ್ತರಲ್ಲೇ ಹೋಗುತ್ತಿದ್ದೆ. ಪಂಥ ಗೆದ್ದಾಗಿತ್ತು, ಇನ್ನು ಅವರನ್ನು ಕಾಡುವುದು ಬೇಡವೆನಿಸಿತ್ತು.

“ಎದುರಿಗೆ ಯಾರರೆ ಅದಾರೇನು?” ಎಂದು ಕಾಕಾ ಕೇಳಿದರು.

“ಇಲ್ಲರಿ. ಎರಡು ಮೈಲಿ ಖಾಲಿ ಐತಿ.”

“ಹಂಗಾರ ಬಿಡು ಬೇ. ಪೂರಾ ಬಿಡು.”

ನಾನು ಅವರ ಮುಖ ನೋಡಿದೆ. ಚೇಷ್ಟೆಯಲ್ಲ. ಕಾಲು ಒತ್ತಿದೆ. ನಲವತ್ತು, ಐವತ್ತು, ಅರವತ್ತು. ಮುಳ್ಳು ತಾನು ಎಂದೂ ಕಾಣದ ಅಂಕಿಗಳ ಮೇಲೆ ಹೊರಟಿತು. ಎಪ್ಪತ್ತಕ್ಕೆ ಗಾಡಿಯ ಸದ್ದೇ ಬದಲಾಯಿತು. ಅಲ್ಲಿಯವರೆಗಿನ ಗುರುಗುರು ಹೋಗಿ, ಒಳಗಿನಿಂದ ತುಂಬಿದ ಒಂದೇ ದನಿ ಬಂತು. ಎಂಬತ್ತೆರಡರವರೆಗೆ ಹೋದೆ. ಕಾಕಾ ಕಣ್ಣು ಮುಚ್ಚಿಕೊಂಡು, ಎರಡೂ ಅಂಗೈಯನ್ನು ಮುಂದಿನ ಹಲಗೆಯ ಮೇಲಿಟ್ಟು ಕೂತಿದ್ದರು. ದೂರದಲ್ಲಿ ಕುರಿಯ ಹಿಂಡು ಕಂಡಿತು, ಮೆಲ್ಲಗೆ ಇಳಿಸಿದೆ. ಗಾಳಿಯ ಸದ್ದು ತಣ್ಣಗಾದ ಮೇಲೆ ಅವರು ಮಾತಾಡಿದರು.

“ಹನ್ನೊಂದು ವರ್ಷ ಆತು ಇದು ನನ್ನ ಮನಿಗೆ ಬಂದು. ಇದರ ದನಿ ಇವತ್ತ ಕೇಳೀನಿ.” ಹಲಗೆಯ ಮೇಲಿನ ಕೈ ತೆಗೆದು, “ಕಣ್ಣಿದ್ದಾಗ ಕೇಳಬೇಕಾಗಿತ್ತು,” ಎಂದರು.

ಕುರಿಗಳು ದಾಟುವ ತನಕ ನಿಂತೆವು. ಕುರುಬ ಗಾಡಿಗೆ ಕೈ ಎತ್ತಿದ, ಕಾಕಾ ಅಂದಾಜಿನ ಮೇಲೆ ತಾವೂ ಎತ್ತಿದರು.

ಆರಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಓಣಿ. ಚಿಗವ್ವ ಇನ್ನೂ ದೀಪದ ಬತ್ತಿ ಹೊಸೆಯುತ್ತಿದ್ದಳು. ಗಂಡನ ಧೋತರ ನೋಡಿ ಹೌಹಾರಿದಳು. ಕಾಕಾ ಸ್ನಾನ ಮಾಡಿ, ಉಂಡು, ಪಂಥದ ಸುದ್ದಿ ತೆಗೆಯದೆ ಮಲಗಿದರು. ನಾನೂ ಕೇಳಲಿಲ್ಲ. ಬೆಳಿಗ್ಗೆ ಎದ್ದರೆ ಕೀಲಿ ನನ್ನ ಹತ್ಯಾರದ ಡಬ್ಬಿಯ ಮೇಲಿತ್ತು. ಏಳು ಗಂಟೆಗೆ ಶಾಂತವ್ವನ ಮಶೀನಿನ ಭಾಗ ತೆಗೆದುಕೊಂಡು ಕಳ್ಳಕವಟಗಿಗೆ ಹೊರಟೆ. ಪಕ್ಕದ ಸೀಟು ಖಾಲಿ ಇತ್ತು.

ಮುಂದಿನದು ಸಂಜೆ ಚಿಗವ್ವ ಹೇಳಿದ್ದು. ಕೊಲ್ಹಾಪುರದವನು ಹನ್ನೊಂದಕ್ಕೆ ಬಂದನಂತೆ, ಜೊತೆಗೊಬ್ಬ ಡ್ರೈವರ, ಗಾಡಿಗೆ ಹಾಕಲು ಹೂವಿನ ಹಾರ. ಕಾಕಾ ಕೂರಿಸಿ ಚಹ ಕೊಟ್ಟರು. ಗಾಡಿ ಎಲ್ಲಿ ಎಂದು ಆತ ಅಂಗಳ ನೋಡಿದ. ದುಡಿಯಲು ಹೋಗಿದೆ ಎಂದರು ಕಾಕಾ. ಆತ ಚೇಷ್ಟೆ ಎಂದುಕೊಂಡು ನಕ್ಕ. ಬರಲಿ, ಕಾಯುತ್ತೇನೆ ಎಂದ. ಇವತ್ತಲ್ಲದಿದ್ದರೆ ನಾಳೆ, ನಾಳೆ ಅಲ್ಲದಿದ್ದರೆ ರವಿವಾರ ಬಂದು ನೋಡಿಕೊಂಡು ಹೋಗುತ್ತೇನೆ ಎಂದ.

“ರವಿವಾರನೂ ಇರಂಗಿಲ್ರಿ,” ಎಂದರಂತೆ ಕಾಕಾ. “ನೋಡೂದಿದ್ರ ಸೋಮಾರ ಬರ್ರಿ. ಅವತ್ತೊಂದಿನ ಅದಕ್ಕ ಸೂಟಿ.”